ಹನ್ನೊಂದು ಗಂಟೆಯ ಎಡವಟ್ಟು: ಡೇಟಾಬೇಸಿನಲ್ಲಿ ಪ್ಲಸ್ಸು ಮೈನಸ್ಸು ತಿರುವುಮುರುವಾಗದಿರಲು ಸೂತ್ರಗಳು

ಸಂಜೆ ಐದೂವರೆಗೆ ಬಂದ ಆರ್ಡರು ಪರದೆಯ ಮೇಲೆ ಆರೂವರೆ ಎಂದು ತೋರಿಸುತ್ತಿತ್ತು. ನಾನಾಗ ಬೆಂಗಳೂರಿನ ಒಂದು ಸಣ್ಣ ತಂಡದಲ್ಲಿದ್ದೆ. ಒಂದೇ ಒಂದು ಗಂಟೆ ವ್ಯತ್ಯಾಸ ಅಂದಮೇಲೆ ಅಮೆರಿಕದ ಬೇಸಿಗೆ ಸಮಯವೇ ಎಲ್ಲೋ ನುಸುಳಿದೆ ಎಂದುಕೊಂಡು ಎರಡು ದಿನ ಕೋಡ್ ಜಾಲಾಡಿದೆವು. ಮೂರನೆಯ ದಿನ ಲೆಕ್ಕಪತ್ರ ನೋಡುವ ಮೇಡಂ ಫೋನ್ ಮಾಡಿದರು. "ಅಲ್ಲಪ್ಪಾ, ಬೆಳಗಿನ ಜಾವ ಆರೂವರೆಗೆ ಎದ್ದು ಯಾರು ಪ್ರಿಂಟರ್ ಟೋನರ್ ಆರ್ಡರ್ ಮಾಡ್ತಾರೆ?" ಅವರು ಇಳಿಸಿಕೊಂಡಿದ್ದ ಎಕ್ಸೆಲ್ ಹಾಳೆಯಲ್ಲಿ ಸಮಯ 24 ಗಂಟೆಯ ಲೆಕ್ಕದಲ್ಲಿತ್ತು: 06:30. ಇರಬೇಕಾದದ್ದು 17:30. ವ್ಯತ್ಯಾಸ ಒಂದು ಗಂಟೆಯದಲ್ಲ, ಹನ್ನೊಂದು ಗಂಟೆಯದು. ಡೇಟಾಬೇಸಿನಲ್ಲಿ ಯುಟಿಸಿಯಲ್ಲಿ, ಅಂದರೆ ಜಾಗತಿಕ ಮೂಲ ಸಮಯದಲ್ಲಿ, ಇದ್ದ ಹೊತ್ತಿಗೆ ಭಾರತದ ಐದೂವರೆ ಗಂಟೆಯನ್ನು ಕೂಡುವ ಬದಲು ಕಳೆದಿದ್ದೆವು. ನಮ್ಮ ಪರದೆಯಲ್ಲಿ ಎಎಂ–ಪಿಎಂ ಇರಲಿಲ್ಲವಾದ್ದರಿಂದ ಹನ್ನೊಂದು ಗಂಟೆಯ ತಪ್ಪು ಒಂದು ಗಂಟೆಯದರಂತೆ ವೇಷ ಹಾಕಿಕೊಂಡು ಕೂತಿತ್ತು.

ಅಲ್ಲಿಂದೀಚೆಗೆ ನಾನು ಗಂಟುಕಟ್ಟಿಕೊಂಡ ಸೂತ್ರಗಳು ಇವು.

1. ಕೋಡ್ ತೆರೆಯುವ ಮೊದಲು ತಪ್ಪಿನ ಗಾತ್ರ ಅಳೆಯಿರಿ

ಡಾಕ್ಟರು ಮೊದಲು ನಾಡಿ ಹಿಡಿಯುವ ಹಾಗೆ, ಸರಿಯಾದ ಸಮಯಕ್ಕೂ ತೋರುತ್ತಿರುವ ಸಮಯಕ್ಕೂ ಎಷ್ಟು ಅಂತರವೆಂದು 24 ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ಳಿ. ಚಿಹ್ನೆ ತಿರುಗಿದರೆ ತಪ್ಪು ಯಾವತ್ತೂ ಆಫ್‌ಸೆಟ್‌ನ (ಯುಟಿಸಿಗೂ ಸ್ಥಳೀಯ ಸಮಯಕ್ಕೂ ಇರುವ ಅಂತರದ) ಎರಡರಷ್ಟು ಇರುತ್ತದೆ. ಭಾರತಕ್ಕೆ 11 ಗಂಟೆ. ನೇಪಾಳದ ಆಫ್‌ಸೆಟ್ +5:45, ಅಲ್ಲಿ 11 ಗಂಟೆ 30 ನಿಮಿಷ. ದುಬೈಗೆ 8 ಗಂಟೆ. ಚಳಿಗಾಲದ ನ್ಯೂಯಾರ್ಕಿಗೆ 10.

ಅಂತರ ಐದೂವರೆ ಗಂಟೆಯಷ್ಟೇ ಇದ್ದರೆ ಚಿಹ್ನೆಯನ್ನು ಬೈಯಬೇಡಿ. ಐದೂವರೆ ಹಿಂದಿದ್ದರೆ ಪರಿವರ್ತನೆಯೇ ಆಗಿಲ್ಲ, ಯುಟಿಸಿ ಸಮಯ ಹಸಿಹಸಿಯಾಗಿ ಪರದೆಗೆ ಬಂದಿದೆ. ಐದೂವರೆ ಮುಂದಿದ್ದರೆ ಡೇಟಾಬೇಸ್ ಒಮ್ಮೆ ಕೂಡಿದೆ, ಆಮೇಲೆ ಯಾರೋ ಪುಣ್ಯಾತ್ಮರು ಬ್ರೌಸರಿನಲ್ಲಿ ಇನ್ನೊಮ್ಮೆ ಕೂಡಿದ್ದಾರೆ. ಅಂತರ 12 ನಿಮಿಷ ಅಂದರೆ ಹತ್ತನೆಯ ಸೂತ್ರ ನೋಡಿ. ಒಂದು ಗಂಟೆ ಎಂದು ಕಂಡರೆ ಬೇಸಿಗೆ ಸಮಯದ ಹಿಂದೆ ಓಡುವ ಮೊದಲು ಎಎಂ–ಪಿಎಂ ನೋಡಿ. ನಾವು ಕಳೆದುಕೊಂಡ ಎರಡು ದಿನ ನಿಮಗೆ ಉಳಿಯಲಿ.

2. ಪ್ಲಸ್ ಕಂಡಾಗ "ಯಾವುದಕ್ಕೆ ಕೂಡಿದರೆ ಯಾವುದು ಬರುತ್ತದೆ?" ಎಂದು ಕೇಳಿ

ಎಲ್ಲ ಗೊಂದಲದ ಬೇರು ಇಲ್ಲೇ ಇದೆ. +5:30 ಎಂಬುದು ಅರ್ಧ ವಾಕ್ಯ. ಪೂರ್ತಿ ವಾಕ್ಯ ಎರಡು ಬಗೆಯಲ್ಲಿ ಇರಬಹುದು.

ಸ್ಥಳೀಯ ಸಮಯ = ಯುಟಿಸಿ + ಆಫ್‌ಸೆಟ್. ಇದು ಐಎಸ್‌ಒ 8601ರ ರೀತಿ. ಇದರಲ್ಲಿ ಭಾರತ +5:30.

ಯುಟಿಸಿ = ಸ್ಥಳೀಯ ಸಮಯ + ಆಫ್‌ಸೆಟ್. ಇದು ಯುನಿಕ್ಸ್ ಕುಟುಂಬದ ಪೋಸಿಕ್ಸ್ ಮಾನದಂಡದ ರೀತಿ. ಇದರಲ್ಲಿ ಭಾರತ -5:30.

ಎರಡೂ ಗಣಿತವಾಗಿ ಸರಿಯೇ. ಒಂದರ ಚಿಹ್ನೆಯನ್ನು ಇನ್ನೊಂದರ ಸಮೀಕರಣಕ್ಕೆ ಹಾಕಿದಾಗ ಮಾತ್ರ ಬೆಂಕಿ.

ಇದು ಯಾಕೆ ಹೀಗಾಯಿತು ಅನ್ನುವುದಕ್ಕೆ ಒಂದು ಚಿಕ್ಕ ಚರಿತ್ರೆ ಇದೆ. 1884ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಗ್ರಿನಿಚ್ ರೇಖೆಯನ್ನು ಶೂನ್ಯವೆಂದು ಒಪ್ಪಿಕೊಂಡಾಗಲೇ, ಪೂರ್ವದ ರೇಖಾಂಶಕ್ಕೆ ಪ್ಲಸ್, ಪಶ್ಚಿಮಕ್ಕೆ ಮೈನಸ್ ಎಂದೂ ನಿರ್ಣಯಿಸಿತ್ತು. ಆದರೆ ಯುನಿಕ್ಸ್ ಹುಟ್ಟಿದ್ದು ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ, ಗ್ರಿನಿಚ್‌ನಿಂದ ಐದು ಗಂಟೆ ಪಡುವಣಕ್ಕೆ. ಹಳೆಯ ಯುನಿಕ್ಸ್ ಕಾಲವಲಯವನ್ನು "ಗ್ರಿನಿಚ್‌ನಿಂದ ಪಶ್ಚಿಮಕ್ಕೆ ಇಷ್ಟು ನಿಮಿಷ" ಎಂದೇ ಇಟ್ಟುಕೊಳ್ಳುತ್ತಿತ್ತು. ಮನೆಯಿದ್ದ ಕಡೆಗೆ ಪ್ಲಸ್ ಬಿತ್ತು. ನ್ಯೂಯಾರ್ಕಿನ ಇಎಸ್‌ಟಿ5ಇಡಿಟಿ ಎಂಬ ಪೋಸಿಕ್ಸ್ ಹೆಸರಿನ ನಡುವಿನ 5 ಮೈನಸ್ ಇಲ್ಲದೆ ನಿಂತಿರುವುದು ಅದಕ್ಕೇ. ಅದೇ ರೀತಿಯಲ್ಲಿ ಭಾರತವನ್ನು ಬರೆದರೆ ಐಎಸ್‌ಟಿ-5:30. ಖಗೋಳ ಲೆಕ್ಕಾಚಾರದ ಪುಸ್ತಕಗಳಿಗೆ ಹೆಸರಾದ ಜಾನ್ ಮೀಯಸ್ ಕೂಡ ಪಶ್ಚಿಮ ರೇಖಾಂಶಕ್ಕೇ ಪ್ಲಸ್ ಹಾಕುತ್ತಿದ್ದರು. ಹಾಗಾಗಿ ಯಾರ ಲೆಕ್ಕ ಸರಿ ಎಂದು ಜಗಳ ಕಾಯಬೇಡಿ. ಎದುರಿಗಿರುವ ಫಂಕ್ಷನ್ ಯಾವ ಸಮೀಕರಣದ್ದು ಎಂದಷ್ಟೇ ನೋಡಿ.

3. ಸಂದೇಹ ಬಂದರೆ ಸೂರ್ಯನನ್ನು ಕೇಳಿ

ಮೂಡಣದವರಿಗೆ ಸೂರ್ಯ ಮೊದಲು. ಆದ್ದರಿಂದ ಮೂಡಣದವರ ಗಡಿಯಾರ ಮುಂದೆ. ಲಂಡನ್ನಿನಲ್ಲಿ ಚಳಿಗಾಲದ ನಡುಮಧ್ಯಾಹ್ನ ಆದಾಗ ನಮ್ಮಲ್ಲಿ ಸಂಜೆ ಐದೂವರೆಯ ಕಾಫಿ. ಉತ್ತರ ಬೆಳಗಿನ ಆರೂವರೆ ಎಂದು ಬಂದರೆ ಸೂರ್ಯ ಹಿಮ್ಮುಖ ಹೊರಟಿದ್ದಾನೆ.

ನಮ್ಮ ಪಂಚಾಂಗದವರು ಈ ಲೆಕ್ಕವನ್ನು ಡೇಟಾಬೇಸ್ ಹುಟ್ಟುವುದಕ್ಕೆ ಮೊದಲಿನಿಂದಲೂ ಮಾಡುತ್ತಿದ್ದಾರೆ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಬೆಂಗಳೂರು ಸುಮಾರು 77.6 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಬೆಂಗಳೂರು ಆ ರೇಖೆಗಿಂತ ಪಡುವಣಕ್ಕಿದೆ, ಹಾಗಾಗಿ ಸ್ಥಳೀಯ ಸಮಯಕ್ಕೆ ಸುಮಾರು ಇಪ್ಪತ್ತು ನಿಮಿಷ ಕಳೆಯಬೇಕು. ಮಂಗಳೂರಿಗೆ ಸುಮಾರು ಅರ್ಧ ಗಂಟೆ. ಜಾತಕ ಬರೆಯುವವರು ಮೊದಲು ದಿಕ್ಕು ನೋಡಿ, ಆಮೇಲೆ ಸಂಖ್ಯೆ ಹಿಡಿಯುತ್ತಾರೆ. ನಾವು ಸಂಖ್ಯೆ ಹಿಡಿದುಕೊಂಡು ದಿಕ್ಕನ್ನು ಮರೆಯುತ್ತೇವೆ.

4. ಪೋಸ್ಟ್‌ಗ್ರೆಸ್‌ನಲ್ಲಿ ಉಲ್ಲೇಖ ಚಿಹ್ನೆಯೊಳಗಿನ ಆಫ್‌ಸೆಟ್ ಕಂಡರೆ ಬ್ರೇಕ್ ಹಾಕಿ

ನಾವು ಬಿದ್ದ ಹಳ್ಳ ಇದೇ. ಪೋಸ್ಟ್‌ಗ್ರೆಸ್ ಎರಡೂ ರೀತಿಗಳನ್ನು ಒಂದೇ ಮನೆಯಲ್ಲಿ ಸಾಕಿಕೊಂಡಿದೆ. 2024ರ ಜನವರಿ 15, ಯುಟಿಸಿ ಮಧ್ಯಾಹ್ನ 12 ಗಂಟೆ ಎಂಬ ಒಂದೇ ಕ್ಷಣವನ್ನು ತೆಗೆದುಕೊಳ್ಳಿ.

ಅಟ್ ಟೈಮ್ ಝೋನ್ 'ಏಷ್ಯಾ/ಕೋಲ್ಕತಾ' ಎಂದರೆ ಉತ್ತರ 17:30. ಸರಿ.

ಅಟ್ ಟೈಮ್ ಝೋನ್ ಇಂಟರ್ವಲ್ '05:30' ಎಂದರೂ 17:30. ಸರಿ.

ಅಟ್ ಟೈಮ್ ಝೋನ್ '+05:30' ಎಂದು ಬರೀ ಸ್ಟ್ರಿಂಗ್ ಕೊಟ್ಟರೆ 06:30!

ಇಂಟರ್ವಲ್ ಎಂಬ ಒಂದು ಪದ ಬಿಟ್ಟುಹೋದರೆ ಹನ್ನೊಂದು ಗಂಟೆ ಕೈಬಿಡುತ್ತದೆ. ಬರೀ ಸ್ಟ್ರಿಂಗ್ ಕಂಡಾಗ ಪೋಸ್ಟ್‌ಗ್ರೆಸ್ ಅದನ್ನು ಪೋಸಿಕ್ಸ್ ಹೆಸರೆಂದು ಓದುತ್ತದೆ, ಪ್ಲಸ್ಸನ್ನು ಪಡುವಣವೆಂದು ತಿಳಿಯುತ್ತದೆ. ಇನ್ನೊಂದು ಕಡೆ, ದಿನಾಂಕದ ಬಾಲಕ್ಕೆ ಅಂಟಿದ +05:30 ಅನ್ನು, ಅಂದರೆ '2024-01-15 17:30:00+05:30' ಎಂಬಂಥದ್ದನ್ನು, ಅದೇ ಪೋಸ್ಟ್‌ಗ್ರೆಸ್ ಐಎಸ್‌ಒ ರೀತಿಯಲ್ಲಿ ಮೂಡಣವೆಂದು ಓದುತ್ತದೆ. ಒಂದೇ ಕ್ವೆರಿಯಲ್ಲಿ ಒಂದೇ +05:30 ಎರಡು ದಿಕ್ಕಿಗೆ ಮುಖ ಮಾಡಿ ನಿಲ್ಲಬಹುದು. ಇದನ್ನು ಮೊದಲ ಸಲ ನೋಡಿ ನಗದವರು ಅದರಿಂದ ಏಟು ತಿಂದವರು.

'ಯುಟಿಸಿ+5:30' ಎಂದು ಬರೆದು ಸ್ಪಷ್ಟ ಮಾಡಿದೆನೆಂದು ನೆಮ್ಮದಿಯಾಗಬೇಡಿ. ಅಲ್ಲಿ ಯುಟಿಸಿ ಬರೀ ಹಣೆಪಟ್ಟಿ, ಚಿಹ್ನೆ ಆಗಲೂ ತಿರುಗಿಯೇ ಇರುತ್ತದೆ. ಹಣೆಪಟ್ಟಿಯಲ್ಲಿ ಏನಿದ್ದರೂ ಪೋಸ್ಟ್‌ಗ್ರೆಸ್ ತಕರಾರು ಮಾಡುವುದಿಲ್ಲ. 'ಫೂಬಾರ್0' ಎಂಬ ಕಾಲವಲಯವನ್ನೂ ಅದು ತೆಪ್ಪಗೆ ಒಪ್ಪಿಕೊಳ್ಳುತ್ತದೆ ಎಂದು ಅದರ ಕೈಪಿಡಿಯೇ ಎಚ್ಚರಿಸಿದೆ. ನನ್ನ ನಿಯಮ ಸರಳ: ಪೋಸ್ಟ್‌ಗ್ರೆಸ್‌ನಲ್ಲಿ ಊರಿನ ಹೆಸರು ಬರೆಯುತ್ತೇನೆ, ಸಂಖ್ಯೆ ಬರೆಯುವುದಿಲ್ಲ.

5. ಇಟಿಸಿ/ಜಿಎಂಟಿ ಕುಟುಂಬದಿಂದ ದೂರವಿರಿ

ಕಾಲವಲಯಗಳ ಪಟ್ಟಿಯಲ್ಲಿ ಇಟಿಸಿ/ಜಿಎಂಟಿ+5 ಎಂದು ಕಾಣುತ್ತದೆ. ಅದು ಪಾಕಿಸ್ತಾನದ ಕಡೆಯದಲ್ಲ, ನ್ಯೂಯಾರ್ಕಿನ ಚಳಿಗಾಲದ ಸಮಯ. ಇಲ್ಲಿಯೂ ಪೋಸಿಕ್ಸ್ ಚಿಹ್ನೆಯೇ. ಅರ್ಧ ಗಂಟೆಯ ವಲಯಗಳು ಈ ಕುಟುಂಬದಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಭಾರತದವರಿಗೆ ಇದರ ಹಂಗೂ ಇಲ್ಲ.

6. ಕಾಲಂ ಹೆಸರಿನಲ್ಲೇ ದಿಕ್ಕು ಬರೆಯಿರಿ

ಬೆಂಗಳೂರಿನಲ್ಲಿ ಕೂತು ಜಾವಾಸ್ಕ್ರಿಪ್ಟ್‌ನ ಗೆಟ್‌ಟೈಮ್‌ಝೋನ್‌ಆಫ್‌ಸೆಟ್ ಕೇಳಿದರೆ ಬರುವ ಉತ್ತರ -330. ಹೌದು, ಮೈನಸ್. ಅದು ಯುಟಿಸಿಯಿಂದ ಸ್ಥಳೀಯ ಸಮಯವನ್ನು ಕಳೆದ ಲೆಕ್ಕ. 1995ರಲ್ಲಿ ಅವಸರದಲ್ಲಿ ರೂಪುಗೊಂಡ ಜಾವಾಸ್ಕ್ರಿಪ್ಟ್ ತನ್ನ ದಿನಾಂಕದ ವ್ಯವಸ್ಥೆಯನ್ನು ಜಾವಾದಿಂದ ಎತ್ತಿಕೊಂಡಿತು, ಈ ಮೈನಸ್ಸೂ ಅದರ ಜೊತೆಯಲ್ಲೇ ಬಂತು. ಜಾವಾದಲ್ಲಿ ಆ ಫಂಕ್ಷನ್ ಆಮೇಲೆ ಬಳಕೆಗೆ ಬೇಡವೆಂದಾಯಿತು. ಜಾವಾಸ್ಕ್ರಿಪ್ಟ್‌ನಲ್ಲಿ ಇಂದಿಗೂ ಗಟ್ಟಿಯಾಗಿ ಕೂತಿದೆ.

ಪೈಥಾನಿನಲ್ಲಿ ಎರಡೂ ಇವೆ. ಟೈಮ್ ಮಾಡ್ಯೂಲಿನ ಟೈಮ್‌ಝೋನ್ ಭಾರತದ ಯಂತ್ರದಲ್ಲಿ -19800 ಸೆಕೆಂಡು ಎನ್ನುತ್ತದೆ, ಡೇಟ್‌ಟೈಮ್‌ನ ಯುಟಿಸಿಆಫ್‌ಸೆಟ್ ಪ್ಲಸ್ ಐದೂವರೆ ಗಂಟೆ ಎನ್ನುತ್ತದೆ.

ಈಗ ಯೋಚಿಸಿ. ಮೊಬೈಲ್ ತಂಡದವರು +330 ಕಳಿಸುತ್ತಾರೆ, ವೆಬ್ ತಂಡದವರು -330 ಕಳಿಸುತ್ತಾರೆ, ಎರಡೂ ಆಫ್‌ಸೆಟ್ ಎಂಬ ಒಂದೇ ಕಾಲಂಗೆ ಬಂದು ಬೀಳುತ್ತವೆ. ಆರು ತಿಂಗಳಾದ ಮೇಲೆ ಯಾವ ಸಾಲು ಎಲ್ಲಿಂದ ಬಂತೆಂದು ಬ್ರಹ್ಮನೂ ಹೇಳಲಾರ. ಕಾಲಂ ಹೆಸರು 'ಆಫ್‌ಸೆಟ್_ಮಿನಿಟ್ಸ್_ಈಸ್ಟ್' ಎಂದಿರಲಿ. ಉದ್ದವಾಯಿತೇ? ಆಗಲಿ. ಆ ಹೆಸರು ಟೈಪ್ ಮಾಡುವಾಗ ಹೊಸಬನೊಬ್ಬ ಒಂದು ಕ್ಷಣ ನಿಂತು ಮೂಡಣವೋ ಪಡುವಣವೋ ಎಂದು ಯೋಚಿಸಿದರೆ ಉದ್ದಕ್ಕೆ ಬೆಲೆ ಬಂದಂತೆ.

7. "ಇಂದ" ಮತ್ತು "ಗೆ" ಅದಲುಬದಲಾದರೂ ಹನ್ನೊಂದು ಗಂಟೆಯೇ

ಮೈಎಸ್‌ಕ್ಯುಎಲ್ ಚಿಹ್ನೆಯ ವಿಷಯದಲ್ಲಿ ಸಭ್ಯ. +05:30 ಎಂದರೆ ಮೂಡಣವೇ. ಆದರೆ ಅದರ ಕನ್ವರ್ಟ್_ಟಿಝಡ್ ಮೂರು ಮಾತು ಕೇಳುತ್ತದೆ: ಸಮಯ, ಎಲ್ಲಿಂದ, ಎಲ್ಲಿಗೆ. 12:00, '+00:00', '+05:30' ಎಂದರೆ 17:30. ಕೊನೆಯ ಎರಡು ಹಿಂದುಮುಂದಾದರೆ 06:30. ಚಿಹ್ನೆ ಸರಿ, ದಿಕ್ಕು ತಪ್ಪು, ಫಲ ಮಾತ್ರ ಅದೇ. ಹಾಗಾಗಿ ಹನ್ನೊಂದು ಗಂಟೆ ಕಂಡಾಗ ಚಿಹ್ನೆಯ ಜೊತೆ ಫಂಕ್ಷನ್ನಿಗೆ ಕೊಟ್ಟ ಮಾತುಗಳ ಕ್ರಮವನ್ನೂ ನೋಡಿ.

ಮೈಎಸ್‌ಕ್ಯುಎಲ್‌ನ ಇನ್ನೊಂದು ಗುಟ್ಟು: ಕಾಲವಲಯದ ಟೇಬಲ್‌ಗಳನ್ನು ತುಂಬಿಸದ ಸರ್ವರಿನಲ್ಲಿ 'ಏಷ್ಯಾ/ಕೋಲ್ಕತಾ' ಎಂದರೆ ಅದು ಬೈಯುವುದಿಲ್ಲ, ಸುಮ್ಮನೆ ನಲ್ ಕೊಡುತ್ತದೆ.

ಎಸ್‌ಕ್ಯುಲೈಟ್ ಇನ್ನೂ ತಮಾಷೆ. '2024-01-15 12:00:00+05:30' ಎಂದು ಬಾಲಕ್ಕೆ ಅಂಟಿಸಿ ಕೊಟ್ಟರೆ ಅದು ಯುಟಿಸಿಗೆ ಒಯ್ಯಬೇಕೆಂದುಕೊಂಡು ಕಳೆಯುತ್ತದೆ: 06:30. ಅದೇ ಹೊತ್ತಿಗೆ ಬೇರೆಯಾಗಿ '+330 minutes' ಎಂದರೆ ಕೂಡುತ್ತದೆ: 17:30.

8. ಅಂಟಿಸುವುದು ಬೇರೆ, ಬದಲಿಸುವುದು ಬೇರೆ

ಹಣೆಪಟ್ಟಿಯಿಲ್ಲದ 17:30ಕ್ಕೆ "ಇದು ಭಾರತದ ಸಮಯ" ಎಂದು ಚೀಟಿ ಅಂಟಿಸುವುದು ಒಂದು ಕೆಲಸ. ಚೀಟಿ ಈಗಾಗಲೇ ಇರುವ ಸಮಯವನ್ನು ಇನ್ನೊಂದು ಊರಿನ ಗಡಿಯಾರಕ್ಕೆ ತಿರುಗಿಸುವುದು ಇನ್ನೊಂದು ಕೆಲಸ. ಎಸ್‌ಕ್ಯುಎಲ್ ಸರ್ವರಿನಲ್ಲಿ ಇವಕ್ಕೆ ಎರಡು ಹೆಸರಿವೆ: ಟುಡೇಟ್‌ಟೈಮ್‌ಆಫ್‌ಸೆಟ್ ಅಂಟಿಸುತ್ತದೆ, ಸ್ವಿಚ್‌ಆಫ್‌ಸೆಟ್ ಬದಲಿಸುತ್ತದೆ. ಅಟ್ ಟೈಮ್ ಝೋನ್ ಮಾತ್ರ ಎಸ್‌ಕ್ಯುಎಲ್ ಸರ್ವರಿನಲ್ಲೂ ಪೋಸ್ಟ್‌ಗ್ರೆಸ್‌ನಲ್ಲೂ ಎರಡು ಮುಖದ್ದು. ವಲಯವಿಲ್ಲದ ಸಮಯ ಕೊಟ್ಟರೆ ಚೀಟಿ ಅಂಟಿಸುತ್ತದೆ, ವಲಯವಿರುವುದನ್ನು ಕೊಟ್ಟರೆ ತಿರುಗಿಸುತ್ತದೆ. ಕಾಲಂನ ಬಗೆ ಯಾವುದೆಂದು ಗೊತ್ತಿಲ್ಲದೆ ಅದನ್ನು ಬಳಸುವವರು ಪ್ಲಸ್ ಬೇಕಾದಲ್ಲಿ ಮೈನಸ್ ಪಡೆಯುತ್ತಾರೆ, ಚಿಹ್ನೆಯನ್ನು ಒಮ್ಮೆಯೂ ಮುಟ್ಟದೆ.

ಎಸ್‌ಕ್ಯುಎಲ್ ಸರ್ವರಿನಲ್ಲಿ ವಿಂಡೋಸ್ ಹೆಸರುಗಳು ನಡೆಯುತ್ತವೆ. ಅಲ್ಲಿನ 'ಜಿಎಂಟಿ ಸ್ಟ್ಯಾಂಡರ್ಡ್ ಟೈಮ್' ಎಂದರೆ ಲಂಡನ್ನಿನ ಸಮಯ, ಬೇಸಿಗೆಯಲ್ಲಿ ಅದು ಯುಟಿಸಿಗಿಂತ ಒಂದು ಗಂಟೆ ಮುಂದೆ. ಯುಟಿಸಿ ಬೇಕಿದ್ದರೆ ಯುಟಿಸಿ ಎಂದೇ ಬರೆಯಿರಿ.

9. ಐಎಸ್‌ಟಿ ಎಂಬ ಮೂರಕ್ಷರವನ್ನು ನಂಬಬೇಡಿ

ಭಾರತಕ್ಕೂ ಐಎಸ್‌ಟಿ, ಇಸ್ರೇಲಿಗೂ ಐಎಸ್‌ಟಿ, ಐರ್ಲೆಂಡಿನ ಬೇಸಿಗೆಗೂ ಐಎಸ್‌ಟಿ. ಪೋಸ್ಟ್‌ಗ್ರೆಸ್ ಜೊತೆ ಬರುವ ಮಾಮೂಲಿ ಸಂಕ್ಷಿಪ್ತ ಪಟ್ಟಿಯಲ್ಲಿ ಈ ಹೆಸರು ಇಸ್ರೇಲಿನದು, +2 ಗಂಟೆ. ಮೂರೂವರೆ ಗಂಟೆಯ ವಿಚಿತ್ರ ವ್ಯತ್ಯಾಸ ಕಂಡರೆ ಜೆರುಸಲೇಮಿನ ಕಡೆ ನೋಡಿ.

10. ಅರ್ಧ ಗಂಟೆಯನ್ನು ಅಗ್ಗವಾಗಿ ಕಾಣಬೇಡಿ

5:30 ಅನ್ನು 5.30 ಎಂದು ದಶಾಂಶದಲ್ಲಿ ಬರೆದರೆ ಅದು ಐದು ಗಂಟೆ 18 ನಿಮಿಷ. ಬೇಕಾದದ್ದು 5.5. ಅಲ್ಲಿ ಹೋದದ್ದೇ ಆ 12 ನಿಮಿಷ. ನಿಮಿಷದಲ್ಲಿ ಇಟ್ಟುಕೊಳ್ಳಿ, 330 ಎಂದು. ಪೂರ್ಣಾಂಕಕ್ಕೆ ಈ ರೋಗ ತಗಲುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಮೈನಸ್ ಕಡೆಯ ಅರ್ಧ ಗಂಟೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಚಳಿಗಾಲದಲ್ಲಿ -03:30. ಗಂಟೆಯನ್ನೂ ನಿಮಿಷವನ್ನೂ ಬೇರೆಬೇರೆ ಒಡೆದು, -3 ಗಂಟೆಗೆ +30 ನಿಮಿಷ ಸೇರಿಸುವ ಕೋಡ್ ಎಷ್ಟು ಬರೆಯಲ್ಪಟ್ಟಿದೆಯೋ ಲೆಕ್ಕವಿಲ್ಲ. ಫಲ -2:30. ಮೈನಸ್ ಇಡೀ ಸಂಖ್ಯೆಗೆ ಸೇರಿದ್ದು, ಗಂಟೆಗೆ ಮಾತ್ರವಲ್ಲ. ಭಾರತದ +05:30ರ ಮೇಲೆ ಎಷ್ಟು ಸಲ ಪರೀಕ್ಷಿಸಿದರೂ ಈ ತಪ್ಪು ಸಿಗುವುದಿಲ್ಲ, ಏಕೆಂದರೆ ನಮ್ಮಲ್ಲಿ ಎರಡೂ ಪ್ಲಸ್ಸೇ. ಲೈಬೀರಿಯಾ 1972ರ ಜನವರಿಯವರೆಗೆ ಗ್ರಿನಿಚ್‌ಗಿಂತ ನಲವತ್ನಾಲ್ಕೂವರೆ ನಿಮಿಷ ಹಿಂದಿತ್ತು. ಅಂಥದ್ದನ್ನು -00:44 ಎಂದು ಬರೆದರೆ "-00" ಪೂರ್ಣಾಂಕವಾದ ಕ್ಷಣ ಸೊನ್ನೆಯಾಗುತ್ತದೆ, ಮೈನಸ್ ಆವಿಯಾಗುತ್ತದೆ. ಚಿಹ್ನೆಯನ್ನು ಮೊದಲು ಎತ್ತಿ ಪಕ್ಕಕ್ಕಿಡಿ, ಉಳಿದದ್ದನ್ನು ನಿಮಿಷ ಮಾಡಿ, ಕೊನೆಗೆ ಚಿಹ್ನೆ ಹಚ್ಚಿ.

11. ದಾರಿಯಲ್ಲಿ ಕಳೆದುಹೋಗುವ ಪ್ಲಸ್ಸನ್ನು ಕಾಯಿರಿ

ವೆಬ್ ವಿಳಾಸದ ಬಾಲದಲ್ಲಿ, ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗದಲ್ಲಿ, ಪ್ಲಸ್ ಎಂದರೆ ಖಾಲಿ ಜಾಗ ಎಂದು ಬಹುತೇಕ ಸರ್ವರುಗಳು ಓದುತ್ತವೆ. '17:30:00+05:30' ಎಂದು ಹೊರಟದ್ದು '17:30:00 05:30' ಎಂದು ತಲುಪುತ್ತದೆ. ಪ್ಲಸ್ಸನ್ನು ಶೇಕಡಾ ಚಿಹ್ನೆಯ ಜೊತೆ 2ಬಿ ಎಂಬ ಸಂಕೇತವಾಗಿಸಿ ಕಳಿಸಬೇಕು, ಅಥವಾ ಯುಟಿಸಿಗೆ ತಿರುಗಿಸಿ ಕೊನೆಗೆ ಝಡ್ ಹಾಕಿ ಕಳಿಸಬೇಕು. ಅಮೆರಿಕದಲ್ಲಿ ಕೂತು ಬರೆದವರಿಗೆ ಇದು ಕಾಣುವುದೇ ಇಲ್ಲ. ಅವರದು ಮೈನಸ್, ಅದು ಸುರಕ್ಷಿತವಾಗಿ ಊರು ಸೇರುತ್ತದೆ. ಗ್ರಿನಿಚ್‌ನ ಮೂಡಣಕ್ಕಿರುವವರ ಪಾಲಿಗೆ ಮಾತ್ರ ಈ ಸುಂಕ.

12. ನಮ್ಮ ನಡುರಾತ್ರಿ 18:30 ಎಂಬುದನ್ನು ಬಾಯಿಪಾಠ ಮಾಡಿ

ಜನವರಿ 15ರ ದಿನದ ವ್ಯಾಪಾರ ಬೇಕು, ಕಾಲಂ ಯುಟಿಸಿಯಲ್ಲಿದೆ. ಹುಡುಕಬೇಕಾದದ್ದು ಜನವರಿ 14ರ 18:30ರಿಂದ ಜನವರಿ 15ರ 18:30ರ ಒಳಗೆ. ನಿಮ್ಮ ಕ್ವೆರಿಯ ಗಡಿಯಲ್ಲಿ 05:30 ಎಂದು ಕಂಡರೆ ಚಿಹ್ನೆ ತಿರುಗಿದೆ. ಓಡಿಸಿ ನೋಡುವುದೂ ಬೇಡ.

ಕಾಲಂನ ಪ್ರತಿ ಸಾಲನ್ನೂ ಭಾರತದ ಸಮಯಕ್ಕೆ ತಿರುಗಿಸಿ ಹೋಲಿಸಬೇಡಿ, ಗಡಿ ಎರಡನ್ನು ಮಾತ್ರ ಯುಟಿಸಿಗೆ ತಿರುಗಿಸಿ. ಲಕ್ಷ ಸಾಲಿಗೆ ಫಂಕ್ಷನ್ ಸುತ್ತಿದರೆ ಇಂಡೆಕ್ಸ್ ಮೂಲೆಗೆ ಬೀಳುತ್ತದೆ, ಕ್ವೆರಿ ತೆವಳುತ್ತದೆ. ಕೊನೆಯ ಗಡಿಗೆ "ಗಿಂತ ಕಡಿಮೆ" ಇರಲಿ. 23:59:59 ಎಂದು ಬರೆದು ಕೊನೆಯ ಸೆಕೆಂಡಿನ ಚೂರುಗಳನ್ನು ಬೀದಿಪಾಲು ಮಾಡಬೇಡಿ.

13. ಹುಟ್ಟಿದ ದಿನವನ್ನು ವಲಯದ ಗಾಣಕ್ಕೆ ಹಾಕಬೇಡಿ

ಜನ್ಮದಿನ, ಹಬ್ಬದ ರಜೆ, ಬಿಲ್ಲಿನ ದಿನಾಂಕ ಇವು ದಿನಾಂಕಗಳು, ಕ್ಷಣಗಳಲ್ಲ. ಡೇಟ್ ಬಗೆಯ ಕಾಲಂನಲ್ಲಿಡಿ. ಎಲ್ಲರ ಹುಟ್ಟಿದ ದಿನವೂ ಒಂದು ದಿನ ಹಿಂದೆ ಹೋಗಿ 18:30ಕ್ಕೆ ನಿಂತಿದ್ದರೆ, ಅಥವಾ ಊರಿನವರೆಲ್ಲ ಬೆಳಗ್ಗೆ 05:30ಕ್ಕೇ ಹುಟ್ಟಿದ್ದರೆ, ಏನಾಗಿದೆಯೆಂದು ನಿಮಗೀಗ ಗೊತ್ತು.

14. ಆಫ್‌ಸೆಟ್ ಊರಲ್ಲ, ಆ ಹೊತ್ತಿನ ಊರಿನ ಫೋಟೋ

ಕ್ಯಾಲಿಫೋರ್ನಿಯಾದಲ್ಲಿರುವ ಮಗಳಿಗೆ ಫೋನ್ ಮಾಡುವ ಮೈಸೂರಿನ ತಾಯಿಗೆ ಇದು ಚೆನ್ನಾಗಿ ಗೊತ್ತು. ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಹನ್ನೆರಡೂವರೆ. -08:00 ಎಂದು ಡೇಟಾಬೇಸಿನಲ್ಲಿ ಬರೆದಿಟ್ಟವರಿಗೆ ಮಾತ್ರ ಮಾರ್ಚಿನಲ್ಲಿ ಆಶ್ಚರ್ಯವಾಗುತ್ತದೆ. ಮುಂದೆ ನಡೆಯಬೇಕಾದ ಸಭೆ, ಅಪಾಯಿಂಟ್‌ಮೆಂಟ್ ಇದ್ದರೆ ಸ್ಥಳೀಯ ಸಮಯವನ್ನೂ 'ಅಮೆರಿಕ/ಲಾಸ್_ಏಂಜಲೀಸ್' ಎಂಬ ಹೆಸರನ್ನೂ ಒಟ್ಟಿಗೆ ಇಡಿ. ಆದದ್ದನ್ನು ಯುಟಿಸಿಯಲ್ಲಿಡಿ. ಪೋಸ್ಟ್‌ಗ್ರೆಸ್‌ನ ವಲಯಸಹಿತ ಟೈಮ್‌ಸ್ಟಾಂಪ್ ಹೆಸರಿಗೆ ಮಾತ್ರ ವಲಯಸಹಿತ. ಅದು ವಲಯವನ್ನು ಉಳಿಸಿಕೊಳ್ಳುವುದಿಲ್ಲ, ಯುಟಿಸಿ ಮಾಡಿಕೊಂಡು ಚೀಟಿಯನ್ನು ಬಿಸಾಡುತ್ತದೆ. ವಲಯ ಬೇಕಿದ್ದರೆ ಬೇರೆ ಕಾಲಂ ಮಾಡಿ.

ದೇಶಗಳೂ ಮನಸ್ಸು ಬದಲಿಸುತ್ತವೆ. ಶ್ರೀಲಂಕಾ 1996ರಲ್ಲಿ ಎರಡು ಸಲ ಗಡಿಯಾರ ತಿರುಗಿಸಿ 2006ರಲ್ಲಿ ಮತ್ತೆ ನಮ್ಮ ಐದೂವರೆಗೇ ಬಂತು. ಸಮೋವಾ ದ್ವೀಪದವರು ಇನ್ನೂ ಗಟ್ಟಿಗರು, ಚಿಹ್ನೆಯನ್ನೇ ಬದಲಿಸಿದರು. 2011ರ ಡಿಸೆಂಬರ್ 29ರ ರಾತ್ರಿ ಮಲಗಿದವರು ಎದ್ದದ್ದು 31ರಂದು. -11 ಇದ್ದ ಅವರ ಮೂಲ ಆಫ್‌ಸೆಟ್ +13 ಆಯಿತು, 30ನೆಯ ತಾರೀಕು ಅಲ್ಲಿ ಬರಲೇ ಇಲ್ಲ. ಇದೇ ಸಮೋವಾ 1892ರಲ್ಲಿ ಅಮೆರಿಕದ ವ್ಯಾಪಾರಕ್ಕೆ ಅನುಕೂಲವಾಗಲೆಂದು ಎದುರು ದಿಕ್ಕಿಗೆ ಜಿಗಿದು, ಜುಲೈ 4ನ್ನು ಎರಡು ಸಲ ಕಂಡಿತ್ತು. ಸಂಖ್ಯೆ ಬರೆದಿಟ್ಟವರ ಸಾಲುಗಳು 2011ರ ನಂತರ ಒಂದು ಪೂರ್ತಿ ದಿನ ಹಿಂದುಳಿದವು. ಊರಿನ ಹೆಸರು ಬರೆದವರು ಕಾಲವಲಯದ ಪಟ್ಟಿಯನ್ನು ನವೀಕರಿಸಿಕೊಂಡು ನಿಶ್ಚಿಂತರಾದರು.

ಭಾರತ ಸ್ಥಿರ ಎಂದುಕೊಳ್ಳಬೇಡಿ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ನಡುವಿನವರೆಗೆ ಯುದ್ಧಕ್ಕಾಗಿ ನಮ್ಮ ಗಡಿಯಾರಗಳೂ +6:30ರಲ್ಲಿ ಓಡಿದ್ದವು. ಆ ವರ್ಷಗಳಲ್ಲಿ ಹುಟ್ಟಿದ ಅಜ್ಜಂದಿರ ಜಾತಕ ನೋಡುವಾಗ ಜೋಯಿಸರು ಒಂದು ಗಂಟೆ ಕಳೆಯುವುದು ಇದಕ್ಕೇ.

15. "ಹೋಗಿ ಬಂತು, ಸರಿ ಇದೆ" ಎಂಬ ಪರೀಕ್ಷೆಗೆ ಮೋಸಹೋಗಬೇಡಿ

ಸಂಜೆ 17:30ನ್ನು ಉಳಿಸುವಾಗ ಚಿಹ್ನೆ ತಪ್ಪಿದರೆ ಡೇಟಾಬೇಸಿನಲ್ಲಿ 12:00ರ ಬದಲು 23:00 ಕೂರುತ್ತದೆ. ಓದುವಾಗಲೂ ಅದೇ ತಪ್ಪು ಫಂಕ್ಷನ್ ಬಳಸಿದರೆ 23:00ರಿಂದ ಐದೂವರೆ ಕಳೆದು ಮತ್ತೆ 17:30! ಪರದೆ ಚೆನ್ನ, ಟೆಸ್ಟ್ ಹಸಿರು, ಡೇಟಾ ಹಾಳು. ಬೇರೊಂದು ತಂಡ ಅದೇ ಟೇಬಲ್ ಓದಲು ಬರುವವರೆಗೂ ಗುಟ್ಟು ಬಯಲಾಗುವುದಿಲ್ಲ. ಆದ್ದರಿಂದ ಟೆಸ್ಟ್ ನಡುವೆ ಇಣುಕಿ ನೋಡಬೇಕು, ಡೇಟಾಬೇಸಿನೊಳಗೆ ಇರುವುದು 12:00ಯೇ ಎಂದು.

ಮಧ್ಯಾಹ್ನ ಹನ್ನೆರಡರ ಸಮಯ ಹಾಕಿ ಟೆಸ್ಟ್ ಮಾಡುವುದು ನಮ್ಮ ಸೋಮಾರಿತನ. ಹನ್ನೆರಡರಿಂದ ಹನ್ನೊಂದು ಹೋದರೂ ಅದೇ ದಿನದ ಒಂದು ಗಂಟೆ, ದಿನಾಂಕ ಬದಲಾಗುವುದಿಲ್ಲ, ದಿನದ ವರದಿ ಸರಿಯೆಂದೇ ಕಾಣುತ್ತದೆ. ಬೆಳಗ್ಗೆ 10 ಹಾಕಿ, ಅದು ಹಿಂದಿನ ರಾತ್ರಿ 23:00ಕ್ಕೆ ಜಾರುತ್ತದೆ. ರಾತ್ರಿ 2 ಹಾಕಿ, ಮಾರ್ಚ್ 31ರ ರಾತ್ರಿ 23:45 ಹಾಕಿ. ನ್ಯೂಫೌಂಡ್‌ಲ್ಯಾಂಡ್ ಒಂದು, ಕಠ್ಮಂಡು ಒಂದು ಇರಲಿ. ಜೊತೆಗೆ ದಿನಕ್ಕೊಮ್ಮೆ ಓಡುವ ಒಂದು ಸಣ್ಣ ಕ್ವೆರಿ ಇಡಿ: ಸೃಷ್ಟಿಯಾದ ಸಮಯ ಈಗಿನ ಸಮಯಕ್ಕಿಂತ ಮುಂದಿರುವ ಸಾಲುಗಳೆಷ್ಟು? ಉತ್ತರ ಸೊನ್ನೆಯಾಗಿರಬೇಕು. ನಾಳೆ ಬೆಳಗಿನ ಆರ್ಡರು ಇವತ್ತು ಸಂಜೆಯೇ ಬಂದು ಕೂತಿದ್ದರೆ ಬರೆಯುವ ಕಡೆ ಚಿಹ್ನೆ ತಿರುಗಿದೆ.

16. ದುರಸ್ತಿಗೆ ಕೈ ಹಾಕುವ ಮೊದಲು ಗಾಯ ಎಲ್ಲಿದೆ ಎಂದು ನೋಡಿ

ತಪ್ಪು ಓದುವ ಕಡೆ ಇದ್ದರೆ ಡೇಟಾ ಸರಿಯಾಗಿಯೇ ಇದೆ, ಮುಟ್ಟಬೇಡಿ. ಕ್ವೆರಿ ತಿದ್ದಿ ಮನೆಗೆ ಹೋಗಿ. ಬರೆಯುವ ಕಡೆ ಇದ್ದರೆ ಮಾತ್ರ ಸಾಲುಗಳನ್ನು ತಿದ್ದಬೇಕು. ಆಗಲೂ ತಿದ್ದುಪಡಿ ಐದೂವರೆ ಗಂಟೆಯದಲ್ಲ, ಹನ್ನೊಂದರದು. ಅವಸರದಲ್ಲಿ ಐದೂವರೆ ಕಳೆದು ಎರಡನೆಯ ರೋಗ ಅಂಟಿಸಿದವರನ್ನು ಕಂಡಿದ್ದೇನೆ.

ತಪ್ಪು ಕೋಡ್ ಯಾವ ದಿನ ಯಾವ ಹೊತ್ತಿಗೆ ಸರ್ವರ್ ಏರಿತು, ಯಾವಾಗ ಇಳಿಯಿತು ಎಂದು ಖಚಿತ ಮಾಡಿಕೊಳ್ಳಿ. ಹಳೆಯ ಕಾಲಂ ಹಾಗೇ ಇರಲಿ, ಪಕ್ಕದಲ್ಲಿ ಹೊಸ ಕಾಲಂ ಮಾಡಿ ಅದರಲ್ಲಿ ಸರಿಯಾದ ಸಮಯ ತುಂಬಿ. ತಿದ್ದಿದ ಸಾಲಿಗೊಂದು ಗುರುತು ಹಾಕಿ. ಇದ್ದ ಕಾಲಂನಲ್ಲೇ ತಿದ್ದುವವರ ಸ್ಕ್ರಿಪ್ಟ್ ಗುರುತಿಲ್ಲದೆ ಎರಡು ಸಲ ಓಡಿದರೆ ಇನ್ನೊಂದು ಹನ್ನೊಂದು ಗಂಟೆ ಹೋಯಿತು. ಹೊರಗಿನ ಸಾಕ್ಷಿಯೊಂದಿಗೆ ಹತ್ತು ಸಾಲನ್ನಾದರೂ ತಾಳೆ ನೋಡಿ: ಹಣ ಕಡಿತವಾದಾಗ ಬ್ಯಾಂಕಿನಿಂದ ಬಂದ ಎಸ್‌ಎಂಎಸ್ ಸಮಯ, ಕೊರಿಯರ್‌ನವರ ರಸೀದಿ, ಏನಾದರೂ.

ನಮ್ಮಲ್ಲಿ ಆ ಸಾಕ್ಷಿ ಲೆಕ್ಕಪತ್ರದ ಮೇಡಂ ಹತ್ತಿರವೇ ಇತ್ತು. ಪ್ರತಿ ಆರ್ಡರಿಗೂ ಫೋನ್ ಬಂದ ಹೊತ್ತನ್ನು ಅವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಕೈಬರಹದಲ್ಲಿ, ಮುಂದೆ "ಸಂಜೆ" ಎಂದು ಸೇರಿಸಿ.